ಮೂರು ಚಾನೆಲ್ಲುಗಳ ಅಮೆರಿಕ

1973ರ ಡಿಸೆಂಬರ್ 19ರ ರಾತ್ರಿ ಜಾನಿ ಕಾರ್ಸನ್ ಟೀವಿಯಲ್ಲಿ ಒಂದು ನಗೆಮಾತು ಆಡಿದ. ಅಂದಂದಿನ ಸುದ್ದಿಯನ್ನು ಹಿಡಿದು ಗೇಲಿ ಮಾಡುವುದೇ ಎನ್‌ಬಿಸಿಯ ‘ಟುನೈಟ್ ಶೋ’ದಲ್ಲಿ ಅವನ ಕೆಲಸ. ಪೆಟ್ರೋಲಿಗೆ ತತ್ವಾರ ಬಂದಿದ್ದ ಚಳಿಗಾಲ ಅದು. ಟಾಯ್ಲೆಟ್ ಪೇಪರಿಗೂ ಕೊರತೆ ಬಂದೀತು ಎಂದು ವಿಸ್ಕಾನ್ಸಿನ್ ರಾಜ್ಯದ ಕಾಂಗ್ರೆಸ್ ಸದಸ್ಯನೊಬ್ಬ ಹೇಳಿಕೆ ಕೊಟ್ಟಿದ್ದ. ಕಾರ್ಸನ್ ಅದನ್ನೇ ಎತ್ತಿಕೊಂಡು ನಾಲ್ಕು ಮಾತಾಡಿ ಜನರನ್ನು ನಗಿಸಿದ. ನಕ್ಕವರು ಮಲಗಿದರು, ಬೆಳಗ್ಗೆ ಎದ್ದು ಅಂಗಡಿಗೆ ಓಡಿದರು. ಒಂದೆರಡು ದಿನದಲ್ಲಿ ಊರೂರ ಸೂಪರ್‌ಮಾರ್ಕೆಟ್ಟುಗಳಲ್ಲಿ ಆ ಸಾಲೇ ಖಾಲಿ. ಖಾಲಿ ಕಂಡವರು ಕೊರತೆ ನಿಜವೆಂದು ನಂಬಿದರು. ಸಿಕ್ಕಲ್ಲಿ ಸಿಕ್ಕಷ್ಟು ಕೊಂಡು ಅದನ್ನು ನಿಜವೇ ಮಾಡಿಬಿಟ್ಟರು. ಕೊನೆಗೆ ಕಾರ್ಸನ್ನೇ ಟೀವಿಯಲ್ಲಿ ಸಮಜಾಯಿಷಿ ಕೊಡಬೇಕಾಯಿತು.

ನಾವಾಗ ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿದ್ದೆವು. ನಮ್ಮ ಅಪಾರ್ಟ್‌ಮೆಂಟ್ ಕಟ್ಟಡದಲ್ಲಿ ಆ ವಾರ ನೆಮ್ಮದಿಯಾಗಿದ್ದವರೆಂದರೆ ಎರಡೇ ಮನೆಯವರು: ನಾವು, ಮತ್ತು ಮೇಲಿನ ಮಹಡಿಯ ಆಂಧ್ರದ ದಂಪತಿ. ಬಚ್ಚಲಲ್ಲಿ ಪ್ಲಾಸ್ಟಿಕ್ ಚೊಂಬು ಇಟ್ಟುಕೊಂಡವರಿಗೆ ಯಾವ ಭಯ? ಎದುರು ಮನೆಯ ಅಜ್ಜಿ ಮಾತ್ರ ಬಾಗಿಲು ತಟ್ಟಿ, “ನಿಮಗೆ ಸಾಕಷ್ಟು ಇದೆಯೇ?” ಎಂದು ಕೇಳಿ ನಾಲ್ಕು ಸುರುಳಿ ಕೊಟ್ಟು ಹೋದರು. ಬೇಡವೆನ್ನಲು ಕಾರಣ ವಿವರಿಸುವುದು ಹೇಗೆಂದು ತೋಚದೆ ಇಸಿದುಕೊಂಡೆವು. ಆ ಅಜ್ಜಿಗೂ ನಮಗೂ ಅಲ್ಲಿಂದ ಶುರುವಾದ ಸ್ನೇಹ ಅವರು ಇರುವವರೆಗೂ ನಡೆಯಿತು.

ಅಂದಿನ ಅಮೆರಿಕ ಎಂದರೆ ನನಗೆ ಮೊದಲು ನೆನಪಾಗುವುದು ಇದೇ. ಇಪ್ಪತ್ತು ಕೋಟಿ ಜನರ ದೇಶ. ಟೀವಿಯಲ್ಲಿ ಎನ್‌ಬಿಸಿ, ಸಿಬಿಎಸ್, ಎಬಿಸಿ ಎಂಬ ಮೂರು ದೊಡ್ಡ ಚಾನೆಲ್ಲು. ರಾತ್ರಿ ಒಬ್ಬ ನಕ್ಕ ಮಾತಿಗೆ ಬೆಳಗ್ಗೆ ದೇಶವೆಲ್ಲ ಒಂದೇ ಸಾಲಿನ ಮುಂದೆ ನಿಲ್ಲುತ್ತಿತ್ತು. ಹೊರಗಿನಿಂದ ಬಂದ ನಮ್ಮಂಥವರು ಆ ದೇಶದ ಒಳಗೆ ಕಾಲಿಟ್ಟದ್ದು ಸಂವಿಧಾನ ಓದಿ ಅಲ್ಲ. ಇಂಥ ಚಿಲ್ಲರೆ ಸಂಗತಿಗಳ ಬಾಗಿಲಿನಿಂದ.

ನಾವು ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಕುಳಿತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದ್ದ. ಅದಕ್ಕೆ ಮೊದಲು ಭಾರತದಂಥ ದೇಶಕ್ಕೆ ವರ್ಷಕ್ಕೆ ನೂರರ ಲೆಕ್ಕದಲ್ಲಿ ವೀಸಾ. ಕಾನೂನು ಬದಲಾದ ಮೇಲೆ ಡಾಕ್ಟರು, ಇಂಜಿನಿಯರು, ವಿಜ್ಞಾನಿಗಳಿಗೆ ಬಾಗಿಲು ತೆರೆಯಿತು. ನಮ್ಮ ಸರ್ಕಾರ ವಿದೇಶಿ ವಿನಿಮಯದ ಬಿಕ್ಕಟ್ಟಿನಲ್ಲಿ ಕೈಗೆ ಕೊಡುತ್ತಿದ್ದದ್ದು ಎಂಟು ಡಾಲರು. ಆ ಎಂಟು ಡಾಲರಿನ ಕಥೆ ಹೇಳದ ಹಳೆಯ ಕನ್ನಡಿಗ ಅಮೆರಿಕದಲ್ಲಿ ಸಿಗಲಾರ. ಈಗಿನ ಮಕ್ಕಳು ಅದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ; ಆದರೆ ಅದು ಅಕ್ಷರಶಃ ನಿಜ.

ಹೊಸ ಊರಿಗೆ ಹೋದರೆ ಮೊದಲ ಕೆಲಸ ಟೆಲಿಫೋನ್ ಡೈರೆಕ್ಟರಿ ತೆರೆಯುವುದು. ರಾವ್, ಮೂರ್ತಿ, ಗೌಡ, ಹೆಗಡೆ, ಪಾಟೀಲ, ಶೆಟ್ಟಿ ಎಂದು ಅಕಾರಾದಿಯಲ್ಲಿ ಬೆರಳಾಡಿಸುವುದು. ರಾವ್ ಸಿಕ್ಕರೆ ಅರ್ಧ ಪಾಲು ತೆಲುಗಿನವರು, ಪಾಟೀಲ ಸಿಕ್ಕರೆ ಅರ್ಧ ಪಾಲು ಮರಾಠಿಯವರು. ಆದರೂ ಫೋನು ಮಾಡಿದರೆ ಯಾರೂ ಬೇಸರಿಸುತ್ತಿರಲಿಲ್ಲ. ಶನಿವಾರ ಊಟಕ್ಕೆ ಬನ್ನಿ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಯಾರು ಏನೆಂದು ಅರಿಯದವರ ಮನೆಗೆ ನೂರು ಮೈಲಿ ಕಾರು ಹೊಡೆದು ಹೋಗಿ ಹುಳಿ ಅನ್ನ ಉಂಡು ಬಂದವರು ನಾವು.

ಮನೆಗೆ ಸುರಕ್ಷಿತವಾಗಿ ತಲುಪಿದ್ದನ್ನು ತಿಳಿಸಲು ಒಂದು ಉಪಾಯವಿತ್ತು. ಅಂದು ಆಪರೇಟರ್ ಮೂಲಕ ಇಂಥವರನ್ನೇ ಕರೆಯಿರಿ ಎಂದು ಕೇಳುವ ಸೌಲಭ್ಯ ಇತ್ತು. ಆ ವ್ಯಕ್ತಿ ಬಂದು ಮಾತಾಡಿದರೆ ಮಾತ್ರ ದುಡ್ಡು. ಅಮೆರಿಕನ್ನರೂ ಇದರ ಲಾಭ ಚೆನ್ನಾಗಿ ಪಡೆಯುತ್ತಿದ್ದರು. ನಮ್ಮವರು ಅದಕ್ಕೊಂದು ಕನ್ನಡದ ಸೊಗಸು ಕೊಟ್ಟರು. “ಮಿಸ್ಟರ್ ಮುಟ್ಟಿದೆವಪ್ಪ ಇದ್ದಾರೆಯೇ?” ಎಂದು ಆಪರೇಟರ್ ತನ್ನ ಉಚ್ಚಾರದಲ್ಲಿ ಕೇಳುವಳು. “ಇಲ್ಲ, ಅವರು ಹೊರಗೆ ಹೋಗಿದ್ದಾರೆ” ಎಂದು ಗಂಭೀರವಾಗಿ ಉತ್ತರಿಸಿ ಫೋನಿಟ್ಟು ಇತ್ತ ನಗುವುದು. ಕಂಪನಿಗೆ ಇದು ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಆಪರೇಟರಿನ ದನಿಯಲ್ಲೇ ನಗು ಇರುತ್ತಿತ್ತು.

ಡೇಟನ್ ಬಗ್ಗೆ ಎರಡು ಮಾತು ಹೇಳಲೇಬೇಕು. ಗ್ರೇಟ್ ಮಯಾಮಿ ನದಿಯ ದಂಡೆಯ ಈ ಊರು ನ್ಯೂಯಾರ್ಕಿನ ಹಾಗೆ ಪೋಸ್ಟ್‌ಕಾರ್ಡಿನ ಊರಲ್ಲ. ಆದರೆ ದಿನನಿತ್ಯದ ಬದುಕನ್ನು ಬದಲಿಸಿದ ಎಷ್ಟೋ ವಸ್ತುಗಳು ಇಲ್ಲಿನ ಹಿತ್ತಲುಗಳಲ್ಲಿ ಹುಟ್ಟಿದವು. ಜೇಮ್ಸ್ ರಿಟ್ಟಿ ಎಂಬ ಹೆಂಡದಂಗಡಿಯವ ತನ್ನ ನೌಕರರು ಗಲ್ಲಾದಿಂದ ಕದಿಯುವುದನ್ನು ತಾಳಲಾರದೆ ತಲೆ ಕೆಡಿಸಿಕೊಂಡಿದ್ದ. ಯುರೋಪಿಗೆ ಹೋಗುವ ಹಡಗಿನಲ್ಲಿ, ಚಾಲಕಯಂತ್ರ ಎಷ್ಟು ಸುತ್ತು ಸುತ್ತಿತೆಂದು ಎಣಿಸುವ ಉಪಕರಣ ಅವನ ಕಣ್ಣಿಗೆ ಬಿತ್ತು. ಊರಿಗೆ ಬಂದು 1879ರಲ್ಲಿ ಅದೇ ತತ್ವದ ಮೇಲೆ ಕ್ಯಾಷ್ ರಿಜಿಸ್ಟರಿಗೆ ಪೇಟೆಂಟ್ ಪಡೆದ. ಅದರಿಂದ ಬೆಳೆದ ಎನ್‌ಸಿಆರ್ ಕಂಪನಿಯೇ ಮುಂದೆ ಡೇಟನ್ನಿನ ಅನ್ನದಾತ. ಕಾರಿಗೆ ಕೈಹಿಡಿ ತಿರುಗಿಸದೆ ಗುಂಡಿ ಒತ್ತಿ ಚಾಲೂ ಮಾಡುವ ಸ್ಟಾರ್ಟರ್ ರೂಪಿಸಿದ ಚಾರ್ಲ್ಸ್ ಕೆಟರಿಂಗ್ ಇಲ್ಲಿ ದುಡಿದವನು. ಡಬ್ಬಿಯ ಪಾನೀಯದ ಬಾಯನ್ನು ಉಂಗುರ ಎಳೆದು ತೆರೆಯುವ ಹಂಚಿಕೆಯೂ ಇಲ್ಲಿಯ ಎರ್ಮಲ್ ಫ್ರೇಜ್‌ನದು. ರೈಟ್ ಸಹೋದರರ ಸೈಕಲ್ ಅಂಗಡಿ ಇದ್ದದ್ದು ಇಲ್ಲೇ ಎಂಬುದು ಎಲ್ಲರಿಗೂ ಗೊತ್ತು.

ಊರಿನಿಂದ ಅಪ್ಪ ಅಮ್ಮ ಬಂದರೆ ತೋರಿಸಲು ನಮಗೆ ಕಷ್ಟವಿರಲಿಲ್ಲ. ವಾಯುಪಡೆಯ ವಿಮಾನ ಸಂಗ್ರಹಾಲಯ ಊರ ಅಂಚಿನಲ್ಲೇ, ಅದೂ ಪುಕ್ಕಟೆ. ನಾಗಾಸಾಕಿಯ ಮೇಲೆ ಬಾಂಬು ಹಾಕಿದ ಬಾಕ್ಸ್‌ಕಾರ್ ವಿಮಾನವೂ ಅಲ್ಲೇ ಇದೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ನನ್ನ ತಂದೆ ಒಪ್ಪಲಿಲ್ಲ. ಉತ್ತರಕ್ಕೆ ಸುಮಾರು ಅರವತ್ತು ಮೈಲಿ ಹೋದರೆ ನೀಲ್ ಆರ್ಮ್‌ಸ್ಟ್ರಾಂಗ್ ಹುಟ್ಟಿದ ವಾಪಕೊನೆಟ. ಚಂದ್ರನ ಮೇಲೆ ಇಳಿದಾಗ ಅವನ ಜೊತೆ ರೈಟ್ ಸಹೋದರರ ಮೊದಲ ವಿಮಾನದ ರೆಕ್ಕೆ ಬಟ್ಟೆಯ ತುಂಡೂ ಒಂದಿಷ್ಟು ಮರವೂ ಇದ್ದವು. ಆರ್ವಿಲ್ ರೈಟ್ ತೀರಿಕೊಂಡದ್ದು 1948ರಲ್ಲಿ. ಆಗ ಆರ್ಮ್‌ಸ್ಟ್ರಾಂಗ್‌ಗೆ ಹದಿನೇಳು. ಮೊದಲು ಹಾರಿದವನೂ ಮೊದಲು ಚಂದ್ರನ ಮೇಲೆ ನಡೆದವನೂ ಒಂದೇ ರಾಜ್ಯದಲ್ಲಿ ಒಂದೇ ಕಾಲಕ್ಕೆ ಉಸಿರಾಡಿದ್ದರು. ಇದನ್ನು ಕೇಳಿ ನನ್ನ ತಾಯಿ ಆಡಿದ ಮಾತು: “ಹಾಗಾದರೆ ನಡುವೆ ಒಂದು ತಲೆಮಾರೂ ಪೂರಾ ಕಳೆದಿಲ್ಲವಲ್ಲೋ!”

ಇನ್ನೊಂದು ವಿಚಿತ್ರ ಇತಿಹಾಸ ನಮ್ಮ ಕಣ್ಣೆದುರೇ ಆಯಿತು, ಆಗ ಯಾರಿಗೂ ಅದು ಇತಿಹಾಸ ಎನ್ನಿಸಲಿಲ್ಲ. ಡೇಟನ್ನಿಗೆ ಇಪ್ಪತ್ತು ಮೈಲಿ ದೂರದ ಟ್ರಾಯ್ ಎಂಬ ಪುಟ್ಟ ಊರಿನ ಮಾರ್ಷ್ ಸೂಪರ್‌ಮಾರ್ಕೆಟ್ಟಿನಲ್ಲಿ, 1974ರ ಜೂನ್ 26ರ ಬೆಳಗ್ಗೆ, 67 ಸೆಂಟಿನ ರಿಗ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವೊಂದನ್ನು ಗಾಜಿನ ಮೇಲೆ ಎಳೆದರು. ಬಾರ್‌ಕೋಡ್ ಓದಿ ಮಾರಿದ ಜಗತ್ತಿನ ಮೊದಲ ಸರಕು ಅದು. ಯಂತ್ರ ಎನ್‌ಸಿಆರ್‌ನದು. ಆ ಗೆರೆಗಳ ಕಲ್ಪನೆ ಇನ್ನೂ ಹಳೆಯದು: ನಾರ್ಮನ್ ವುಡ್‌ಲ್ಯಾಂಡ್ ಎಂಬಾತ ಮಯಾಮಿಯ ಕಡಲತೀರದ ಮರಳಿನಲ್ಲಿ ಮೋರ್ಸ್ ಸಂಕೇತದ ಚುಕ್ಕೆ ಗೀಟುಗಳನ್ನು ಬೆರಳಿನಿಂದ ಕೆಳಕ್ಕೆ ಎಳೆದಾಗ ಹೊಳೆದದ್ದು. ಅದಕ್ಕೆ 1952ರಲ್ಲೇ ಪೇಟೆಂಟ್ ಸಿಕ್ಕಿತ್ತು. ಓದಬಲ್ಲ ಯಂತ್ರ ಅಗ್ಗವಾಗಿ ಬರಲು ಎರಡು ದಶಕ ಕಾಯಬೇಕಾಯಿತು. ಪಕ್ಕದ ಊರಿನ ಈ ಸುದ್ದಿ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಕಾಫಿ ಮೇಜಿಗೂ ಬಂತು. ಅಲ್ಲಿ ಕೇಳಿದ್ದು ಒಂದೇ ದೂರು: ಇನ್ನು ಡಬ್ಬಿಯ ಮೇಲೆ ಬೆಲೆ ಬರೆಯದಿದ್ದರೆ ನಾವು ಲೆಕ್ಕ ಇಡುವುದು ಹೇಗೆ?

ಲೆಕ್ಕ ಇಡುವುದರಲ್ಲಿ ಆ ಕಾಲದ ಅಮೆರಿಕನ್ ಗೃಹಿಣಿ ನಮ್ಮ ಅಮ್ಮಂದಿರಿಗೆ ಕಡಿಮೆ ಇರಲಿಲ್ಲ. ಸಾಮಾನು ಕೊಂಡಾಗ ಅಂಗಡಿಯವರು ಎಸ್ ಅಂಡ್ ಎಚ್ ಕಂಪನಿಯ ಹಸಿರು ಅಂಚೆಚೀಟಿಯಂಥ ಚೀಟಿ ಕೊಡುತ್ತಿದ್ದರು. ಅವನ್ನು ನೆಕ್ಕಿ ಪುಸ್ತಕಕ್ಕೆ ಅಂಟಿಸಬೇಕು. ಪುಸ್ತಕ ತುಂಬಿದರೆ 1200 ಅಂಕ. ಅಷ್ಟಿಷ್ಟು ಪುಸ್ತಕ ಕೂಡಿಸಿದರೆ ದೀಪವೋ ಟೋಸ್ಟರೋ ಕಂಬಳಿಯೋ ಉಚಿತ. ಎದುರು ಮನೆಯ ಅಜ್ಜಿ ಮತ್ತು ನನ್ನ ಹೆಂಡತಿ ಭಾನುವಾರ ಮಧ್ಯಾಹ್ನ ಅಡುಗೆಮನೆ ಮೇಜಿನ ಮುಂದೆ ಕುಳಿತು ಒದ್ದೆ ಸ್ಪಂಜಿನಲ್ಲಿ ಚೀಟಿ ಅದ್ದಿ ಅಂಟಿಸುತ್ತಿದ್ದರು. ನನ್ನವಳ ಇಂಗ್ಲಿಷ್ ಮಾತು ಪಳಗಿದ್ದು ಆ ಮೇಜಿನಲ್ಲಿ. ಅಜ್ಜಿ ಉಪ್ಪಿಟ್ಟು ಕಲಿತದ್ದೂ ಅಲ್ಲೇ.

ಉಪ್ಪಿಟ್ಟಿನ ರವೆ ಎಲ್ಲಿಂದ ಬಂತು ಎನ್ನುವಿರಾ? 1893ರಲ್ಲಿ ನಾರ್ತ್ ಡಕೋಟದ ಗ್ರ್ಯಾಂಡ್ ಫೋರ್ಕ್ಸ್ ಎಂಬಲ್ಲಿನ ಹಿಟ್ಟಿನ ಗಿರಣಿಯಲ್ಲಿ ಹುಟ್ಟಿದ ‘ಕ್ರೀಮ್ ಆಫ್ ವೀಟ್’, ಅಮೆರಿಕದ ಮಕ್ಕಳಿಗೆ ಬೆಳಗಿನ ಗಂಜಿ. ನಮಗೆ ಅದು ರವೆ. ಹಾಲಿನಲ್ಲಿ ಹಾಕಿದರೆ ಚಿಟಪಟ ಎನ್ನುವ ರೈಸ್ ಕ್ರಿಸ್ಪೀಸ್, ಈರುಳ್ಳಿ ನಿಂಬೆರಸ ಸೇರಿ ಚುರುಮುರಿಯಾಯಿತು. ಪ್ಯಾನ್‌ಕೇಕ್ ಮಾಡುವ ಬಿಸ್ಕ್ವಿಕ್ ಹಿಟ್ಟಿಗೆ ಹಾಲಿನ ಪುಡಿ ಕಲಸಿದರೆ ಗುಲಾಬ್ ಜಾಮೂನು. ಈ ಪಾಕವನ್ನು ಯಾರು ಮೊದಲು ಕಂಡುಹಿಡಿದರೋ, ಬಾಸ್ಟನ್ನಿನಿಂದ ಹ್ಯೂಸ್ಟನ್ನಿನವರೆಗೆ ಭಾರತೀಯರ ಮನೆಗಳಲ್ಲೆಲ್ಲ ಅದೇ ಜಾಮೂನು. ಹಸಿಮೆಣಸಿನಕಾಯಿ ಬದಲು ಹಲಪೇನ್ಯೊ. ಇಂಗು, ಹುಣಸೆ, ಸಾಸಿವೆ, ತೊಗರಿಬೇಳೆ ಬೇಕಾದರೆ ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದ ಕಲುಸ್ಟ್ಯಾನ್ ಅಂಗಡಿಗೆ ಹೋಗುವವರ ಕೈಯಲ್ಲಿ ಚೀಟಿ ಕಳಿಸಬೇಕು. 1944ರಿಂದ ಇದ್ದ ಆ ಅಂಗಡಿ ನಮ್ಮವರಿಗೆ ತೀರ್ಥಕ್ಷೇತ್ರ.

ಬಿಸ್ಕ್ವಿಕ್ ಡಬ್ಬಿಯ ಮೇಲೆ ಬೆಟಿ ಕ್ರಾಕರ್ ಹೆಸರು ಇರುತ್ತಿತ್ತು. ಅಡುಗೆ ಪುಸ್ತಕ, ರೇಡಿಯೊ, ಜಾಹೀರಾತು ಎಲ್ಲೆಲ್ಲೂ ಆಕೆ. ಯಾರೋ ಮಹಾತಾಯಿ ಎಂದು ನನ್ನ ಹೆಂಡತಿ ಆಕೆಯ ಪುಸ್ತಕವನ್ನು ಗೌರವದಿಂದ ಇಟ್ಟುಕೊಂಡಿದ್ದಳು. ಅಂಥ ಹೆಂಗಸು ಹುಟ್ಟೇ ಇಲ್ಲವೆಂದು ಹೇಳಿದವರು ಎದುರು ಮನೆಯ ಅಜ್ಜಿ. 1921ರಲ್ಲಿ ಮಿನಿಯಾಪೊಲಿಸ್‌ನ ಹಿಟ್ಟಿನ ಕಂಪನಿಯೊಂದು, ಗ್ರಾಹಕರ ಪತ್ರಗಳಿಗೆ ಉತ್ತರ ಬರೆಯಲು ಒಂದು ಹೆಸರು ಬೇಕೆಂದು ಸೃಷ್ಟಿಸಿದ ವ್ಯಕ್ತಿ ಆಕೆ. 1945ರಲ್ಲಿ ‘ಫಾರ್ಚೂನ್’ ಪತ್ರಿಕೆ, ಎಲಿನೋರ್ ರೂಸ್‌ವೆಲ್ಟ್ ಬಿಟ್ಟರೆ ದೇಶದಲ್ಲೇ ಹೆಚ್ಚು ಪ್ರಸಿದ್ಧಳಾದ ಮಹಿಳೆ ಈಕೆ ಎಂದು ಬರೆದಿತ್ತು. ಇಲ್ಲದವಳು ಎಂದು ಗೊತ್ತಿದ್ದೂ ಅಜ್ಜಿಗೆ ಆಕೆಯ ಮಾತೇ ಪ್ರಮಾಣ. “ನನ್ನ ಅಮ್ಮನೂ ಆಕೆಗೆ ಕಾಗದ ಬರೆಯುತ್ತಿದ್ದಳು, ಉತ್ತರ ಬರುತ್ತಿತ್ತು, ಇನ್ನೇನು ಬೇಕು?” ಎಂದರು.

ಪೆಟ್ರೋಲಿನ ಆ ಚಳಿಗಾಲಕ್ಕೆ ಮತ್ತೆ ಬರುತ್ತೇನೆ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಮುಂದಿನ ಮಾರ್ಚ್‌ವರೆಗೆ ನಿರ್ಬಂಧ. ಭಾನುವಾರ ಬಂಕ್ ಮುಚ್ಚಿ ಎಂದು ಅಧ್ಯಕ್ಷ ನಿಕ್ಸನ್ ಕೇಳಿಕೊಂಡ. ಕೆಲವು ರಾಜ್ಯಗಳಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮವೋ ಬೆಸವೋ ನೋಡಿ ದಿನ ಬಿಟ್ಟು ದಿನ ಪೆಟ್ರೋಲು. ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ವೇಗಮಿತಿ. ವಿದ್ಯುತ್ ಉಳಿಸಲು 1974ರ ಜನವರಿ 6ರಿಂದ ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟರು. ಬೇಸಗೆಗೆ ಮಾಡುವುದನ್ನು ನಡುಚಳಿಯಲ್ಲಿ ಮಾಡಿದರೆ ಏನಾಗಬೇಕು? ಡೇಟನ್ನಿನಲ್ಲಿ ಸೂರ್ಯ ಹುಟ್ಟುವಾಗ ಸುಮಾರು ಒಂಬತ್ತು ಗಂಟೆ. ಮಕ್ಕಳು ಕಗ್ಗತ್ತಲಲ್ಲಿ ಟಾರ್ಚು ಹಿಡಿದು ಶಾಲೆ ಬಸ್ಸಿಗೆ ಕಾದರು. ತಾಯಂದಿರು ರೊಚ್ಚಿಗೆದ್ದರು. ಅಕ್ಟೋಬರಿನಲ್ಲಿ ಕಾನೂನು ವಾಪಸು.

ಬಂಕಿನ ಸಾಲಿನಲ್ಲಿ ಅಮೆರಿಕನ್ನರು ಕಂಗಾಲಾಗಿ ನಿಲ್ಲುತ್ತಿದ್ದರು. ಸಾಲಿನಲ್ಲಿ ನಿಲ್ಲುವ ವಿದ್ಯೆ ನಮಗೆ ಸೊಸೈಟಿ ಅಂಗಡಿಯ ಸೀಮೆಎಣ್ಣೆ, ಸಕ್ಕರೆಯ ಕಾಲದಿಂದ ಸಿದ್ಧಿಸಿತ್ತು. ಥರ್ಮಾಸಿನಲ್ಲಿ ಕಾಫಿ, ಕೈಯಲ್ಲಿ ಮೂರು ವಾರ ಹಳೆಯ ‘ಸುಧಾ’. ಮುಂದಿನ ಕಾರಿನವ ಕಿಟಕಿ ಇಳಿಸಿ ಮಾತಿಗೆ ಬರುವನು. ಮಾತು ಪೆಟ್ರೋಲಿನಿಂದ ನಿಕ್ಸನ್ನಿಗೆ ಹೊರಳುವುದು. 1973ರ ಬೇಸಗೆಯಿಡೀ ವಾಟರ್‌ಗೇಟ್ ಹಗರಣದ ವಿಚಾರಣೆ ಟೀವಿಯಲ್ಲಿ ಬಂದಿತ್ತು. ಅಧ್ಯಕ್ಷನ ಕೋಣೆಯಲ್ಲಿ ಮಾತೆಲ್ಲ ಟೇಪ್ ಆಗುತ್ತದೆ ಎಂಬ ಗುಟ್ಟು ಜುಲೈ 16ರಂದು ಹೊರಬಿದ್ದಾಗ, ಮುದುಕರು ಮಕ್ಕಳು ಎನ್ನದೆ ಎಲ್ಲರ ಬಾಯಲ್ಲೂ ಅದೇ. 1974ರ ಆಗಸ್ಟ್ 8ರ ರಾತ್ರಿ ನಿಕ್ಸನ್ ರಾಜೀನಾಮೆ ಘೋಷಿಸಿದ. ದೇಶದ ದೊರೆಯೊಬ್ಬ ಗುಂಡಿಲ್ಲದೆ, ಸೈನ್ಯವಿಲ್ಲದೆ, ನ್ಯಾಯಾಲಯದ ಕಾಗದ ಮತ್ತು ಒಂದು ಟೇಪಿನ ಸುರುಳಿಯಿಂದ ಇಳಿದುಹೋದದ್ದನ್ನು ಕಂಡೆವು. ವರ್ಷ ತುಂಬುವ ಮೊದಲೇ, 1975ರ ಜೂನ್ 25ರ ರಾತ್ರಿ, ನಮ್ಮಲ್ಲಿ ತುರ್ತು ಪರಿಸ್ಥಿತಿ. ಊರಿನಿಂದ ಬರುವ ನೀಲಿ ಏರೋಗ್ರಾಮುಗಳಲ್ಲಿ ಮಳೆ ಬೆಳೆ, ಮದುವೆ ಮುಂಜಿ ಬಿಟ್ಟು ಬೇರೆ ಮಾತು ನಿಂತಿತು. ಏನು ಬರೆದಿಲ್ಲ ಎಂಬುದನ್ನು ಓದಲು ಕಲಿತದ್ದು ಆಗ.

ಆ ನಡುವೆ ಒಂದು ದುಃಖವನ್ನೂ ಹಂಚಿಕೊಂಡೆವು. 1974ರ ಏಪ್ರಿಲ್ 3ರ ಇಳಿಹೊತ್ತು ನಮ್ಮೂರಿಗೆ ಹದಿನೈದು ಮೈಲಿ ಪೂರ್ವದ ಜೀನಿಯಾ ಊರಿನ ಮೇಲೆ ಸುಂಟರಗಾಳಿ ಎರಗಿತು. ಒಂದೇ ದಿನದ ಆಸುಪಾಸಿನಲ್ಲಿ ದೇಶದ ಮಧ್ಯಭಾಗದಲ್ಲಿ 148 ಸುಂಟರಗಾಳಿ ಎದ್ದಿದ್ದವು. ಅವುಗಳಲ್ಲಿ ಅತಿ ಘೋರವಾದವುಗಳಲ್ಲಿ ಇದೊಂದು. ಮೂವತ್ತಕ್ಕೂ ಹೆಚ್ಚು ಜನ ಸತ್ತರು, ಊರಿನ ಅರ್ಧ ಭಾಗ ನೆಲಸಮ. ಮಾರನೆಯ ದಿನ ಡೇಟನ್ನಿನ ಪ್ರತಿ ಬೀದಿಯಿಂದ ಕಂಬಳಿ, ಬ್ರೆಡ್ಡು, ನೀರಿನ ಕ್ಯಾನು ಹೊತ್ತ ಕಾರುಗಳು ಹೊರಟವು. ನಮ್ಮ ಕೆಲವೇ ಕನ್ನಡ ಮನೆಗಳವರು ಸೇರಿ ಅನ್ನದ ಬದಲು ಸ್ಯಾಂಡ್‌ವಿಚ್ ಕಟ್ಟಿಕೊಟ್ಟೆವು. ಎಲ್ಲಿಯವರು ನೀವು ಎಂದು ಅಂದು ನಮ್ಮನ್ನು ಯಾರೂ ಕೇಳಲಿಲ್ಲ.

1976 ಬಂತು, ಅಮೆರಿಕಕ್ಕೆ ಇನ್ನೂರು ವರ್ಷ. ಬೀದಿ ಬದಿಯ, ಬೆಂಕಿ ಆರಿಸುವ ನೀರಿನ ಕೊಳಾಯಿಗಳಿಗೆಲ್ಲ ಸ್ವಾತಂತ್ರ್ಯ ಯುದ್ಧದ ಸಿಪಾಯಿಗಳ ಬಣ್ಣ ಬಳಿದರು. 25 ಸೆಂಟಿನ ನಾಣ್ಯದ ಬೆನ್ನಿಗೆ ನಗಾರಿ ಬಾರಿಸುವವನ ಚಿತ್ರ ಬಂತು. ಏಪ್ರಿಲ್ 13ರಂದು, ಜೆಫರ್ಸನ್ ಹುಟ್ಟಿದ ದಿನ, ಎರಡು ಡಾಲರ್ ನೋಟನ್ನು ಮತ್ತೆ ಹೊರತಂದರು. ಹಿಂಬದಿಯಲ್ಲಿ ಸ್ವಾತಂತ್ರ್ಯ ಘೋಷಣೆಯ ಚಿತ್ರ. ಜನ ಅದನ್ನು ಖರ್ಚೇ ಮಾಡಲಿಲ್ಲ. ನೆನಪಿಗೆಂದು ಬೈಬಲ್ಲಿನಲ್ಲಿ, ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ನಮ್ಮ ದೇವರ ಗೂಡಿನಲ್ಲೂ ಒಂದು ಇತ್ತು. ಮರುವರ್ಷ, 1977ರ ಜುಲೈ 4ರಂದೇ, ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಗಣಪತಿ ದೇವಸ್ಥಾನದ ಕುಂಭಾಭಿಷೇಕವಾಯಿತು. ಅಮೆರಿಕದ ಸ್ವಾತಂತ್ರ್ಯ ದಿನವೇ ಗಣಪತಿಗೂ ಒದಗಿ ಬಂದದ್ದಕ್ಕೆ ನಮ್ಮವರ ಸಂತೋಷ ಹೇಳತೀರದು.

ಆದರೆ ಆ ದಶಕದಲ್ಲಿ ನನ್ನನ್ನು ಕಲಕಿದ್ದು ಹಬ್ಬವಲ್ಲ, ಒಂದು ಧಾರಾವಾಹಿ. 1977ರ ಜನವರಿಯಲ್ಲಿ ಎಬಿಸಿ ಚಾನೆಲ್ಲು ಅಲೆಕ್ಸ್ ಹೇಲಿಯ ‘ರೂಟ್ಸ್’ ಅನ್ನು ಸತತ ಎಂಟು ರಾತ್ರಿ ತೋರಿಸಿತು. ಆಫ್ರಿಕದಿಂದ ಹಿಡಿದು ತಂದ ಕುಂಟಾ ಕಿಂಟೆಯಿಂದ ಹಲವು ತಲೆಮಾರಿನ ಗುಲಾಮಗಿರಿಯ ಕಥೆ. ದೇಶದ ಅರ್ಧಕ್ಕಿಂತ ಹೆಚ್ಚು ಜನ ಅದರ ಯಾವುದಾದರೊಂದು ಭಾಗವನ್ನಾದರೂ ನೋಡಿದರು. ಬೆಳಗ್ಗೆ ಕೆಲಸಕ್ಕೆ ಹೋದರೆ ಬಿಳಿಯರೂ ಕರಿಯರೂ ಕಾಫಿ ಮೇಜಿನ ಸುತ್ತ ಮಾತಿಗೆ ತಡಕಾಡುತ್ತಿದ್ದರು. ಡೇಟನ್ನಿನಲ್ಲಿ ನದಿಯ ಪಶ್ಚಿಮಕ್ಕೆ ಕಪ್ಪು ಜನರ ವಸತಿ, ಪೂರ್ವಕ್ಕೆ ಬಿಳಿಯರದು. 1966ರಲ್ಲಿ ಅಲ್ಲಿ ದಂಗೆಯೂ ಆಗಿತ್ತು. ನನ್ನ ಪಕ್ಕದ ಮೇಜಿನ ಕಪ್ಪು ಸಹೋದ್ಯೋಗಿ ಒಂದು ಭಾನುವಾರ ನನ್ನನ್ನು ನದಿಯಾಚೆ ಕರೆದೊಯ್ದು ಪಾಲ್ ಲಾರೆನ್ಸ್ ಡನ್‌ಬಾರ್ ಎಂಬ ಕವಿಯ ಮನೆ ತೋರಿಸಿದ. ಡನ್‌ಬಾರ್‌ನ ತಂದೆತಾಯಿ ಕೆಂಟಕಿಯಲ್ಲಿ ಗುಲಾಮರಾಗಿದ್ದವರು. ಆರ್ವಿಲ್ ರೈಟ್ ಅವನ ಹೈಸ್ಕೂಲ್ ಸಹಪಾಠಿ. 1890ರಲ್ಲಿ ಡನ್‌ಬಾರ್ ಹೊರಡಿಸಿದ ಪತ್ರಿಕೆಯನ್ನು ಅಚ್ಚು ಹಾಕಿದ್ದು ರೈಟ್ ಸಹೋದರರೇ. ಶಾಲೆ ಮುಗಿಸಿದ ಕವಿಗೆ ಊರಿನಲ್ಲಿ ಸಿಕ್ಕ ಕೆಲಸ ಮಾತ್ರ ಲಿಫ್ಟ್ ಓಡಿಸುವುದು. ಹೆಸರು ದೇಶದಾಚೆಗೂ ಹಬ್ಬಿದ ಮೇಲೆ, 1906ರಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ ತೀರಿಕೊಂಡ.

ಆ ಮನೆಯಿಂದ ಹೊರಬಂದಾಗ ಸಹೋದ್ಯೋಗಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: “ನೀನು ಬಂದ ಬಾಗಿಲನ್ನು ತಳ್ಳಿದವರು ನಾವು.” ಅವನ ಲೆಕ್ಕ ಸರಿಯಾಗಿತ್ತು. 1964ರ ನಾಗರಿಕ ಹಕ್ಕುಗಳ ಕಾನೂನು, 1965ರ ಮತದಾನದ ಕಾನೂನು, ಅದೇ ವರ್ಷದ ವಲಸೆ ಕಾನೂನು, ಮೂರೂ ಒಂದೇ ಹೋರಾಟದ ಗಾಳಿಯಲ್ಲಿ ಬಂದವು. ನಾವು ಪ್ರತಿಭೆಯಿಂದ ಬಂದೆವು ಎಂದು ಕನ್ನಡ ಸಂಘದ ಸಭೆಗಳಲ್ಲಿ ಬೆನ್ನು ತಟ್ಟಿಕೊಳ್ಳುವಾಗಲೆಲ್ಲ ನನಗೆ ಆ ಮನೆ ನೆನಪಾಗುತ್ತದೆ.

ನಮ್ಮ ಮಕ್ಕಳ ಅಮೆರಿಕ ಬೇರೆ ಇತ್ತು. ಅವರಿಗೆ ಅಕ್ಷರ ಕಲಿಸಿದ್ದು ಟೀವಿಯ ‘ಸೆಸಮಿ ಸ್ಟ್ರೀಟ್’, ಮನಸ್ಸು ತಿದ್ದಿದ್ದು ಮಿಸ್ಟರ್ ರಾಜರ್ಸ್. ಪಿಟ್ಸ್‌ಬರ್ಗ್ ಸ್ಟುಡಿಯೊದಿಂದ 1968ರಲ್ಲಿ ದೇಶಕ್ಕೆಲ್ಲ ಬರಲು ಶುರುವಾದ ಆ ಕಾರ್ಯಕ್ರಮದಲ್ಲಿ ಫ್ರೆಡ್ ರಾಜರ್ಸ್ ಬಂದು ಕೋಟು ಕಳಚಿ, ತನ್ನ ತಾಯಿ ಹೆಣೆದ ಸ್ವೆಟರ್ ತೊಟ್ಟು, ನಿಧಾನವಾಗಿ ಮಾತಾಡುತ್ತಿದ್ದ. ಮೀನಿಗೆ ಊಟ ಹಾಕುವಾಗ “ಈಗ ಹಾಕುತ್ತಿದ್ದೇನೆ” ಎಂದು ಬಾಯಿಬಿಟ್ಟು ಹೇಳುತ್ತಿದ್ದ. ಕಣ್ಣು ಕಾಣದ ಪುಟ್ಟ ಹುಡುಗಿಯೊಬ್ಬಳು, ಮೀನು ಹಸಿದಿದೆಯೋ ಏನೋ ಎಂದು ಚಿಂತೆ ಮಾಡಿ ಪತ್ರ ಬರೆಸಿದ್ದಳಂತೆ. ಅವಳಿಗಾಗಿ ಹಾಗೆ ಹೇಳುವ ಪದ್ಧತಿ. ಅವನು ಮಾಂಸ ತಿನ್ನುವುದಿಲ್ಲ ಎಂದು ಎಲ್ಲೋ ಓದಿದ ದಿನ ನಮ್ಮ ಮನೆಯಲ್ಲಿ ಸಂಭ್ರಮ. ಶಾಲೆಯಲ್ಲಿ ಚಿತ್ರಾನ್ನದ ಡಬ್ಬಿ ತೆರೆಯಲು ನಾಚುತ್ತಿದ್ದ ಮಗಳು ಮರುದಿನ ಧೈರ್ಯವಾಗಿ ತೆರೆದಳು.

ಕನ್ನಡದ ಓದಿಗೆ ಬರ ಇದ್ದ ಕಾಲದಲ್ಲಿ ಯಾರದೋ ಸೂಟ್‌ಕೇಸಿನಲ್ಲಿ ‘ಅಮೆರಿಕದಲ್ಲಿ ಗೊರೂರು’ ಬಂತು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ನಮಗೇ ಬಂದಷ್ಟು ಹಿಗ್ಗು. ಹೇಮಾವತಿಯ ದಂಡೆಯ ಹಿರಿಯರೊಬ್ಬರು ಈ ದೇಶದ ಅಂಗಡಿ, ರಸ್ತೆ, ಮನೆಗಳನ್ನು ಬೆರಗಿನಿಂದ ನೋಡಿ ಬರೆದದ್ದನ್ನು ಒಂದೇ ಪ್ರತಿಯಲ್ಲಿ ಹತ್ತಾರು ಮನೆಯವರು ಓದಿದೆವು. ಕೊನೆಗೆ ರಟ್ಟು ಹರಿದು ಅದರ ಬೆನ್ನಿಗೆ ಸೆಲೋಟೇಪ್ ಹಚ್ಚಬೇಕಾಯಿತು.

ಆಮೇಲೆ ಎಲ್ಲವೂ ಒಂದೊಂದಾಗಿ ಬಿಡಿಬಿಡಿಯಾಯಿತು. 1980ರಲ್ಲಿ ಸಿಎನ್‌ಎನ್, 1981ರಲ್ಲಿ ಎಂಟಿವಿ. ಕೇಬಲ್ ಬಂದು ಒಂದೇ ಮನೆಯಲ್ಲಿ ಮೂರು ಕೋಣೆಗೆ ಮೂರು ಟೀವಿ. 1983ರ ಫೆಬ್ರವರಿ 28ರ ರಾತ್ರಿ ‘ಮ್ಯಾಷ್’ ಧಾರಾವಾಹಿಯ ಕೊನೆಯ ಕಂತನ್ನು ಹತ್ತು ಕೋಟಿಗೂ ಹೆಚ್ಚು ಜನ ಒಟ್ಟಿಗೆ ನೋಡಿದರು. ಮೂರು ವರ್ಷದ ಕೊರಿಯ ಯುದ್ಧದ ಕಥೆಯನ್ನು ಅದು ಹನ್ನೊಂದು ವರ್ಷ ಹೇಳಿತ್ತು. ಅಷ್ಟು ಜನ ಕೂಡಿ ನೋಡಿದ ಧಾರಾವಾಹಿ ಮತ್ತೆ ಬರಲಿಲ್ಲ. 1984ರಲ್ಲಿ ಎಟಿ ಅಂಡ್ ಟಿ ಒಡೆದು ಫೋನಿಗೆ ಹಲವು ಕಂಪನಿ. 1992ರ ಮೇ 22ರಂದು ಕಾರ್ಸನ್ ವಿದಾಯ ಹೇಳಿದ. ಮರುವರ್ಷ ಸಿಯರ್ಸ್ ಕಂಪನಿಯ ದಪ್ಪ ಕ್ಯಾಟಲಾಗ್ ನಿಂತಿತು. ಒಂದು ಕಾಲಕ್ಕೆ ಅದರಲ್ಲಿ ಚಿತ್ರ ನೋಡಿ ಇಡೀ ಮನೆಯನ್ನೇ ಅಂಚೆಯಲ್ಲಿ ತರಿಸಬಹುದಿತ್ತು; ಬಿಡಿಭಾಗಗಳು ರೈಲಿನಲ್ಲಿ ಬರುತ್ತಿದ್ದವು. 1960ರಲ್ಲಿ 2,62,000 ಜನರಿದ್ದ ಡೇಟನ್ನಿನಲ್ಲಿ 2020ರ ಗಣತಿಗೆ ಉಳಿದವರು 1,37,000 ಚಿಲ್ಲರೆ. 2009ರಲ್ಲಿ ಎನ್‌ಸಿಆರ್ ಕಂಪನಿಯೂ ತನ್ನ ಮುಖ್ಯ ಕಚೇರಿಯನ್ನು ಜಾರ್ಜಿಯಕ್ಕೆ ಒಯ್ದಿತು.

ಆ ಕಾಲ ಚಿನ್ನದ ಕಾಲವಾಗಿತ್ತು ಎಂದು ನಾನು ಹೇಳಲಾರೆ. ಮೂರು ಚಾನೆಲ್ಲುಗಳಲ್ಲಿ ಏನು ಬರಬೇಕೆಂದು ತೀರ್ಮಾನಿಸುತ್ತಿದ್ದವರು ಬೆರಳೆಣಿಕೆಯ ಗಂಡಸರು. ಕಪ್ಪು ಜನರ ಗುಲಾಮಗಿರಿಯ ಕಥೆ ಅಷ್ಟು ವಿಸ್ತಾರವಾಗಿ ಬರಲು 1977 ಆಗಬೇಕಾಯಿತು, ನಮ್ಮಂಥವರ ಮುಖವಂತೂ ಕಾಣುತ್ತಲೇ ಇರಲಿಲ್ಲ. ಇಂದು ಮೊಮ್ಮಗಳು ಅಂಗೈಯ ಫೋನಿನಲ್ಲಿ ಕನ್ನಡ ಸಿನಿಮಾ ನೋಡುತ್ತಾಳೆ, ರವೆ ಮೂಲೆ ಅಂಗಡಿಯಲ್ಲಿ ಸಿಗುತ್ತದೆ. ಇದು ಒಳ್ಳೆಯದೇ. ಆದರೆ ಈಗ ಬಂದಿಳಿಯುವ ಹುಡುಗ ಹುಡುಗಿಯರಿಗೆ ಎದುರು ಮನೆಯವರ ಜೊತೆ ಮಾತು ಶುರು ಮಾಡಲು ನಿನ್ನೆ ರಾತ್ರಿಯ ಒಂದು ಸಮಾನ ಸಂಗತಿ ಸಿಗುವುದಿಲ್ಲ. ನಮಗೆ ಅದು ಸಿಕ್ಕಿತ್ತು. ನಾವು ಅಲ್ಲಿಯವರಾದದ್ದು ಪಾಸ್‌ಪೋರ್ಟು ಬಂದ ದಿನ ಅಲ್ಲ. ಬೆಳಗ್ಗೆ ಕಾಫಿ ಮೇಜಿನಲ್ಲಿ ಅವರ ನಗೆಮಾತಿಗೆ ಅವರ ಜೊತೆಯೇ ನಕ್ಕ ದಿನ.

ಆ ಪೀಳಿಗೆಯ ಕನ್ನಡಿಗರಿಗೆ ಒಂದು ಮಾತು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ಮೊದಲ ಹಾರಾಟದ ಫೋಟೋ ತೆಗೆದವನು, ಅದಕ್ಕೆ ಮೊದಲು ಕ್ಯಾಮೆರಾ ಮುಟ್ಟಿರದ ಜಾನ್ ಡೇನಿಯಲ್ಸ್ ಎಂಬ ಕಡಲತೀರದ ರಕ್ಷಕ. ಆ ಗಾಜಿನ ನೆಗೆಟಿವ್ 1913ರ ಡೇಟನ್ ಪ್ರವಾಹದಲ್ಲಿ ಮುಳುಗಿ ಒಂದು ಮೂಲೆ ಕಳೆದುಕೊಂಡಿತು. ಆದರೂ ಅದರಲ್ಲಿರುವುದು ಏನು, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು ಎಂಬುದು ನಮಗೆ ಗೊತ್ತು; ಆರ್ವಿಲ್ ಅಂದೇ ದಿನಚರಿಯಲ್ಲಿ ಬರೆದಿಟ್ಟಿದ್ದ. ನಿಮ್ಮ ಅಟ್ಟದಲ್ಲೂ ಕೊಡಕ್ ಸ್ಲೈಡಿನ ಡಬ್ಬಿ, ಮೊದಲ ದೀಪಾವಳಿಯ ಫೋಟೋ, ಅಮ್ಮನ ಏರೋಗ್ರಾಮು ಇರುತ್ತವೆ. ಅದರಲ್ಲಿರುವವರ ಹೆಸರು ಹೇಳಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಈ ವಾರವೇ ಒಂದು ಡಬ್ಬಿ ಕೆಳಗಿಳಿಸಿ, ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಪ್ರತಿಯೊಂದರ ಹಿಂದೆ ಹೆಸರು, ಊರು, ವರ್ಷ ಬರೆಯಿರಿ. ಕನ್ನಡದಲ್ಲೂ ಬರೆಯಿರಿ, ಇಂಗ್ಲಿಷಿನಲ್ಲೂ ಬರೆಯಿರಿ.